ಒರಳಿಗೆ ತಲೆ ಕೊಟ್ಟ ಮೇಲೆ

ನಮ್ಮ ಹಿತ್ತಲಲ್ಲಿ ಒಂದು ಒರಳುಕಲ್ಲಿದೆ. ಅವ್ವ ಅದನ್ನು ಒಳಕಲ್ಲು ಅನ್ನುತ್ತಿದ್ದಳು. ಮನೆಗೆ ಮಿಕ್ಸಿ ಬಂದ ಮೇಲೂ ಚಟ್ನಿಗೆ ಅದೇ ಆಗಬೇಕು ಅಂತ ಹಟ ಹಿಡಿಯುತ್ತಿದ್ದಳು. ಅವಳು ಹೋಗಿ ಹನ್ನೊಂದು ವರ್ಷ. ಅಲ್ಲಿಂದ ಈಚೆಗೆ ಆ ಕಲ್ಲಿಗೆ ಕೆಲಸವಿಲ್ಲ. ಮಳೆ ಬಂದರೆ ಗುಳಿಯಲ್ಲಿ ನೀರು ನಿಲ್ಲುತ್ತದೆ. ಬೇಸಿಗೆಯಲ್ಲಿ ಪಕ್ಕದ ಮನೆಯ ಬೆಕ್ಕು ಅದರೊಳಗೆ ಸುರುಳಿ ಸುತ್ತಿಕೊಂಡು ಮಲಗುತ್ತದೆ. ಸೊಳ್ಳೆ ಆಗ್ತವೆ, ಯಾರಿಗಾದ್ರೂ ಕೊಟ್ಟುಬಿಡಿ ಅಂತ ನನ್ನ ಹೆಂಡತಿ ಹೇಳುತ್ತಲೇ ಇದ್ದಳು. ಹೊತ್ತುಕೊಂಡು ಹೋಗುವ ಗಟ್ಟಿಗ ಸಿಗಲಿಲ್ಲ.

ಈಗ ಕೊಡುವ ಮಾತೇ ಇಲ್ಲ. ಕಳೆದ ಒಂದೂವರೆ ವರ್ಷದಲ್ಲಿ ನಾನು ಈ ಕಲ್ಲಿನ ಚಿತ್ರವನ್ನು 63 ಸಲ ಬರೆದಿದ್ದೇನೆ. ಇದು ಅಂದಾಜಲ್ಲ, ಲೆಕ್ಕ.

ಲೆಕ್ಕ ಇಡುವುದು ನನ್ನ ಹಳೆಯ ಚಾಳಿ. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುವ ಹೆಸರಿತ್ತಲ್ಲ, ಆ ಕಾಲದ ಬಾಲ ಹಿಡಿದು ಒಂದು ಹತ್ತಿ ಗಿರಣಿಗೆ ಗುಮಾಸ್ತನಾಗಿ ಸೇರಿದವನು ನಾನು. ಗಿರಣಿಯ ಸದ್ದು ನಿಂತ ಮೇಲೆ ಮಂಡಿಪೇಟೆಯ ದಲಾಲಿ ಅಂಗಡಿ. ಒಟ್ಟು ಮೂವತ್ತನಾಲ್ಕು ವರ್ಷ ಲೆಡ್ಜರ್ ಬರೆದೆ. ಲೆಡ್ಜರಿನಲ್ಲಿ ಒಂದು ಕಟ್ಟುನಿಟ್ಟಿದೆ. ಬರೆದದ್ದನ್ನು ಅಳಿಸುವ ಹಾಗಿಲ್ಲ. ಕೆರೆಯುವ ಹಾಗಿಲ್ಲ, ಅದರ ಮೇಲೇ ತೀಡುವ ಹಾಗೂ ಇಲ್ಲ. ತಪ್ಪಾದರೆ ಒಂದು ಅಡ್ಡಗೆರೆ ಎಳೆದು, ಮೇಲೆ ಸರಿಯಾದ ಅಂಕಿ ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು. ಅಂದರೆ ತಪ್ಪು ಹಾಗೇ ಉಳಿಯುತ್ತದೆ, ಸಹಿ ಸಮೇತ. ರಬ್ಬರ್ ಅನ್ನುವ ವಸ್ತುವನ್ನು ಏಳನೇ ಕ್ಲಾಸಿನ ನಂತರ ನಾನು ಮುಟ್ಟಿರಲೇ ಇಲ್ಲ.

ಮುಟ್ಟಿದ್ದು ರಿಟೈರಾದ ಮೇಲೆ, ಅಟ್ಟ ಚೊಕ್ಕಟ ಮಾಡುವಾಗ. ಮಗಳು ಹೈಸ್ಕೂಲಿನಲ್ಲಿದ್ದಾಗ ಲೋಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಕಟ್ಟಿದ್ದಳು. ಆಗಿನ ಸಾಮಾನೆಲ್ಲ ಒಂದು ಸಿಹಿತಿಂಡಿ ಡಬ್ಬಿಯಲ್ಲಿ ಹಾಗೇ ಇತ್ತು. ಎರಡು ನಟರಾಜ್ ಪೆನ್ಸಿಲ್, ಮೂತಿ ಸವೆದ ಬ್ರಶ್ಶುಗಳು, ತುಂಡು ತುಂಡಾದ ಕ್ರೇಯಾನ್, ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟ ಕ್ಯಾಮ್ಲಿನ್ ಬಣ್ಣದ ಬಿಲ್ಲೆಗಳು. ಜೊತೆಗೆ ಒಂದು ರಬ್ಬರು. ಕಲ್ಲಿನಷ್ಟು ಗಟ್ಟಿಯಾಗಿತ್ತು. ಬೆಂಗಳೂರಿಗೆ ಫೋನ್ ಮಾಡಿ, ಇದನ್ನೇನು ಮಾಡಲಿ ಅಂತ ಕೇಳಿದೆ. ‘ಅಪ್ಪಾಜಿ, ಹೇಗೂ ಖಾಲಿ ಇದ್ದೀರಲ್ಲ, ನೀವೇ ಏನಾದ್ರೂ ಬರೀರಿ’ ಅಂದಳು. ಅವಳು ಸುಮ್ನೆ ಅಂದಿದ್ದು. ನಾನು ಗಂಭೀರವಾಗಿ ತಗೊಂಡೆ.

ಮೊದಲು ಬೆಕ್ಕು ಬರೆಯಲು ಹೋದೆ. ಎದ್ದು ಹೋಯಿತು. ದಾಸವಾಳ ಬರೆಯಲು ಕೂತೆ, ಎರಡನೇ ಎಸಳಿಗೆ ಬರುವಷ್ಟರಲ್ಲಿ ಮೊದಲನೆಯದು ಬಾಡಿತ್ತು. ಹೆಂಡತಿಯನ್ನು ಕೂರಿಸಿದೆ. ಅವಳು ಅಲುಗಾಡಿದ್ದಷ್ಟೇ ಅಲ್ಲ, ಮಾತಾಡಿದಳು. ಕೊನೆಗೆ ಉಳಿದದ್ದು ಒರಳು. ಅಲುಗುವುದಿಲ್ಲ, ಬಾಡುವುದಿಲ್ಲ, ‘ಇದು ನಾನಾ?’ ಅಂತ ಕೇಳುವುದಿಲ್ಲ.

ಮೊದಲನೇ ಚಿತ್ರ ಹೇಗಿತ್ತು ಅಂದರೆ, ಪಕ್ಕದ ಮನೆಯ ಹುಡುಗಿ ನೋಡಿ ‘ತಾತ, ಇಡ್ಲಿ ಚೆನ್ನಾಗಿದೆ’ ಅಂದಳು.

ತಪ್ಪು ಎಲ್ಲಿದೆ ಅಂತ ತೋರಿಸಿಕೊಟ್ಟವನು ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಬಾಡಿಗೆಗಿರುವ ಹುಡುಗ. ನಮ್ಮೂರಿನ ದೃಶ್ಯಕಲಾ ಕಾಲೇಜಿನಲ್ಲಿ ಓದುತ್ತಾನೆ. ಹೆಗಲಿಗೆ ಒಂದು ಬೋರ್ಡು ನೇತುಹಾಕಿಕೊಂಡು ಬೆಳಗ್ಗೆ ರೈಲ್ವೆ ಸ್ಟೇಷನ್ನಿಗೆ ಹೋಗಿ, ಬೆಂಚಿನ ಮೇಲೆ ಮಲಗಿದವರನ್ನು ಬರೆದುಕೊಂಡು ಬರುವ ಪೈಕಿ. ನನ್ನ ಹಾಳೆಯನ್ನು ಆಚೆ ಈಚೆ ತಿರುಗಿಸಿ ನೋಡಿದ. ‘ಅಂಕಲ್, ಒರಳಿನ ಬಾಯಿ ಗುಂಡಗಿದೆ ಅಂತ ನಿಮಗೆ ಗೊತ್ತು. ಅದಕ್ಕೇ ಗುಂಡಗೆ ಬರೆದಿದ್ದೀರಿ. ಆದರೆ ನೀವು ಕುರ್ಚಿ ಮೇಲೆ ಕೂತಾಗ ಅದು ಗುಂಡಗೆ ಕಾಣಲ್ಲ. ಚಪ್ಪಟೆ ಕಾಣುತ್ತೆ. ಗೊತ್ತಿರೋದನ್ನ ಬಿಡಿ, ಕಂಡದ್ದನ್ನ ಬರೀರಿ’ ಅಂದ. ಇದೇ ಮಾತನ್ನು ವರ್ಷಕ್ಕೊಮ್ಮೆ ಬರುತ್ತಿದ್ದ ಆಡಿಟರ್ ಇನ್ನಷ್ಟು ಖಾರವಾಗಿ ಹೇಳುತ್ತಿದ್ದರು.

ಒಂದು ಬಳೆಯನ್ನು ತಂದು ಕಣ್ಣಿನ ಮಟ್ಟಕ್ಕೆ ಹಿಡಿದು ನಿಧಾನಕ್ಕೆ ಬಾಗಿಸಿ ನೋಡಿದೆ. ಹೌದು. ಗುಂಡು ಬಳೆ ಮೊಟ್ಟೆಯಾಗಿ, ಮೊಟ್ಟೆ ಸೌತೆಕಾಯಿಯಾಗಿ, ಕೊನೆಗೆ ಬರೀ ಗೆರೆಯಾಯಿತು. ಅರವತ್ತು ವರ್ಷ ಲೋಟ, ಚೊಂಬು, ಹಂಡೆ ಎಲ್ಲ ನೋಡಿದ್ದೇನೆ. ಒಂದರ ಬಾಯಿಯನ್ನೂ ನೋಡಿರಲಿಲ್ಲ.

ಪೆನ್ಸಿಲ್ಲಿನಲ್ಲೂ ಜಾತಿಗಳಿವೆ ಅಂತ ಅವನೇ ಹೇಳಿದ್ದು. ನನಗೆ ಗೊತ್ತಿದ್ದದ್ದು ಎಚ್‌ಬಿ ಒಂದೇ. ಪಿ.ಜೆ. ಬಡಾವಣೆಯ ಸ್ಟೇಷನರಿ ಅಂಗಡಿಗೆ ಹೋದರೆ 2ಎಚ್, 2ಬಿ, 4ಬಿ, 6ಬಿ, 8ಬಿ ಅಂತ ಸಾಲಾಗಿ ಜೋಡಿಸಿಟ್ಟಿದ್ದರು. ಎಚ್ ಅಂದರೆ ಗಟ್ಟಿ, ಬಿ ಅಂದರೆ ಕಪ್ಪು. ಒಳಗಿರುವುದು ಗ್ರಾಫೈಟು ಮತ್ತು ಜೇಡಿಮಣ್ಣು. ಮಣ್ಣು ಜಾಸ್ತಿಯಾದರೆ ಕಡ್ಡಿ ಗಟ್ಟಿ, ಗೆರೆ ತೆಳು. ಗ್ರಾಫೈಟು ಜಾಸ್ತಿಯಾದರೆ ಮೆತ್ತಗೆ, ಕಪ್ಪಗೆ. ಈ ಬೆರಕೆಯನ್ನು ಕಂಡುಹಿಡಿದವನು ನಿಕೊಲಾ ಜಾಕ್ ಕೊಂತೆ ಅನ್ನುವ ಫ್ರೆಂಚಿನವನು, 1795ರಲ್ಲಿ. ಇಂಗ್ಲೆಂಡಿನ ಜೊತೆ ಯುದ್ಧ ನಡೆದು ಅಲ್ಲಿಂದ ಬರುತ್ತಿದ್ದ ಒಳ್ಳೆ ಗ್ರಾಫೈಟು ನಿಂತುಹೋಗಿತ್ತಂತೆ. ಇದ್ದಷ್ಟು ಪುಡಿಗೆ ಮಣ್ಣು ಕಲಸಿ ಸುಟ್ಟ. ಮಾಲು ಕಮ್ಮಿ ಬಿದ್ದಾಗ ಬೆರಕೆ ಮಾಡುವ ಬುದ್ಧಿ ಮಂಡಿಪೇಟೆಗೂ ಹೊಸದಲ್ಲ, ಆದರೆ ನಮ್ಮಲ್ಲಿ ಯಾರೂ ಅದಕ್ಕೆ ಪೇಟೆಂಟ್ ತಗೊಂಡಿಲ್ಲ. ಇನ್ನು ನಮ್ಮ ಕನ್ನಡದಲ್ಲಿ ಪೆನ್ಸಿಲ್ಲಿಗೆ ಸೀಸದಕಡ್ಡಿ ಅನ್ನುತ್ತೇವೆ. ಅದರಲ್ಲಿ ಸೀಸ ಹುಡುಕಿದರೂ ಸಿಗುವುದಿಲ್ಲ.

ಆ ಐದೂ ಪೆನ್ಸಿಲ್ ತಂದೆ. ನಾಲ್ಕು ತಿಂಗಳು ಬರೆದೆ. ನಿಜ ಹೇಳಬೇಕೆಂದರೆ ಬರೆದದ್ದಕ್ಕಿಂತ ಅಳಿಸಿದ್ದೇ ಜಾಸ್ತಿ. ಮೂವತ್ತನಾಲ್ಕು ವರ್ಷದ ಉಪವಾಸ ನೋಡಿ. ಒಂದು ಗೆರೆ ಎಳೆಯುವುದು, ಉಜ್ಜುವುದು. ಮತ್ತೆ ಎಳೆಯುವುದು, ಮತ್ತೆ ಉಜ್ಜುವುದು. ಸಹಿ ಬೇಡ, ಯಜಮಾನರ ಅಪ್ಪಣೆ ಬೇಡ, ತಪ್ಪು ಮಾಡಿದ ಗುರುತೇ ಇಲ್ಲ. ಇಂಥ ಸುಖ ಜಗತ್ತಿನಲ್ಲಿ ಇದೆ ಅಂತ ಯಾರೂ ನನಗೆ ಹೇಳಿರಲಿಲ್ಲ. ಹಾಳೆ ತೂತು ಬೀಳುವ ತನಕ ಉಜ್ಜಿದ್ದೇನೆ. ರಬ್ಬರಿನ ಚೂರುಗಳನ್ನು ಗುಡಿಸಿ ಗುಡಿಸಿ ಹೆಂಡತಿ, ‘ಚಿತ್ರ ಎಲ್ಲಿದೆ? ಬರೀ ಉಪ್ಪಿಟ್ಟು ಕಾಣ್ತಿದೆ’ ಅಂದಳು.

ರಬ್ಬರ್ ಬರುವ ಮುಂಚೆ ಬ್ರೆಡ್ಡಿನ ತಿರುಳಿನಿಂದ ಉಜ್ಜುತ್ತಿದ್ದರಂತೆ. 1770ರ ಹೊತ್ತಿಗೆ ಜೋಸೆಫ್ ಪ್ರೀಸ್ಟ್ಲಿ ಅನ್ನುವ ಇಂಗ್ಲಿಷ್ ವಿಜ್ಞಾನಿ, ಮರದ ಅಂಟಿನ ಈ ಉಂಡೆ ಪೆನ್ಸಿಲ್ ಗೆರೆಯನ್ನು ಚೆನ್ನಾಗಿ ಅಳಿಸುತ್ತದೆ ಅಂತ ಬರೆದಿಟ್ಟ. ಇಂಗ್ಲಿಷಿನಲ್ಲಿ ಉಜ್ಜುವುದಕ್ಕೆ ರಬ್ ಅನ್ನುತ್ತಾರಲ್ಲ, ಅದರಿಂದಲೇ ಅದಕ್ಕೆ ರಬ್ಬರ್ ಅಂತ ಹೆಸರು. ಟೈರು, ಚಪ್ಪಲಿ, ಬಲೂನು ಎಲ್ಲ ಆಮೇಲೆ ಬಂದವು. ಹೆಸರು ಕೊಟ್ಟದ್ದು ಮಾತ್ರ ನನ್ನಂಥ ಅಳಿಸುವವರು. ಇದನ್ನು ಓದಿ ನನಗೆ ಒಳಗೊಳಗೇ ಹೆಮ್ಮೆಯಾಯಿತು. ಬೇಕರಿಯಿಂದ ಬ್ರೆಡ್ ತಂದು ನೋಡಿಯೇಬಿಟ್ಟೆ. ಚೆನ್ನಾಗಿಯೇ ಅಳಿಸುತ್ತದೆ. ಆದರೆ ರಾತ್ರಿ ಹಾಳೆಯನ್ನು ಮೇಜಿನ ಮೇಲೇ ಬಿಟ್ಟು ಮಲಗಿದ್ದೆ. ಬೆಳಗ್ಗೆ ಎದ್ದು ನೋಡಿದರೆ ಒರಳಿನ ತುಂಬ ಇರುವೆ. ಒರಳಿಗೆ ಇರುವೆ ಹತ್ತಿದ್ದು ಅವ್ವ ಹೋದ ಮೇಲೆ ಅದೇ ಮೊದಲು.

ಇಷ್ಟೆಲ್ಲ ಆದರೂ ಒಂದು ತೊಂದರೆ ಉಳಿಯಿತು. ಪೆನ್ಸಿಲ್ಲಿನ ಒರಳು ಕಲ್ಲಿನ ಹಾಗೆ ಕಾಣುತ್ತಿರಲಿಲ್ಲ. ನುಣ್ಣಗೆ, ಬೂದು ಬಣ್ಣಕ್ಕೆ, ಸ್ವಲ್ಪ ಹೊಳೆಯುತ್ತ, ಅಲ್ಯೂಮಿನಿಯಂ ಪಾತ್ರೆಯ ಹಾಗೆ ಕಾಣುತ್ತಿತ್ತು. 8ಬಿ ಹಿಡಿದು ಎಷ್ಟು ಒತ್ತಿದರೂ ಒಂದು ಹಂತದ ಮೇಲೆ ಕಪ್ಪಾಗುವುದಿಲ್ಲ, ಹೊಳಪು ಬರುತ್ತದೆ. ಗ್ರಾಫೈಟಿನ ಗುಣವೇ ಅದು. ಹುಡುಗನಿಗೆ ತೋರಿಸಿದೆ. ‘ಇದ್ದಿಲು ಹಿಡೀರಿ ಅಂಕಲ್’ ಅಂದ.

ಅಂಗಡಿಯಲ್ಲಿ ಚಾರ್ಕೋಲ್ ಕಡ್ಡಿ ಸಿಗುತ್ತದೆ. ಆದರೆ ಸೌದೆ ಒಲೆಯ ಮೇಲೆ ಬೆಣ್ಣೆ ದೋಸೆ ಹುಯ್ಯುವ ಊರಿನಲ್ಲಿ ಇದ್ದಿಲನ್ನು ದುಡ್ಡು ಕೊಟ್ಟು ತರುವುದೇ? ನಾನೇ ಮಾಡಲು ಹೊರಟೆ. ದಾಸವಾಳದ ಕಡ್ಡಿಗಳನ್ನು ಪೆನ್ಸಿಲ್ ಉದ್ದಕ್ಕೆ ಕತ್ತರಿಸಿ, ಸಿಪ್ಪೆ ತೆಗೆದು, ಬಿಸ್ಕತ್ತಿನ ಹಳೇ ತಗಡಿನ ಡಬ್ಬಿಯಲ್ಲಿ ಒತ್ತಾಗಿ ತುಂಬಿದೆ. ಮುಚ್ಚಳಕ್ಕೆ ಮೊಳೆಯಿಂದ ಒಂದೇ ಒಂದು ತೂತು. ಡಬ್ಬಿಯನ್ನು ನೀರೊಲೆಯ ಕೆಂಡದಲ್ಲಿ ಇಟ್ಟೆ. ಒಳಗೆ ಗಾಳಿ ಇಲ್ಲದಿದ್ದರೆ ಕಡ್ಡಿ ಉರಿಯುವುದಿಲ್ಲ, ಸುಮ್ಮನೆ ಕಪ್ಪಾಗುತ್ತದೆ. ತೂತಿನಿಂದ ಮೊದಲು ಬಿಳಿ ಹೊಗೆ ಬಂತು. ಆಮೇಲೆ ಸಣ್ಣ ನಾಲಿಗೆಯಂಥ ಒಂದು ಉರಿ. ಸ್ವಲ್ಪ ಹೊತ್ತಿಗೆ ಎರಡೂ ನಿಂತವು. ಆಯಿತು ಅಂತ ಲೆಕ್ಕ. ಇಕ್ಕಳದಿಂದ ಹೊರಗೆ ತೆಗೆದು, ತಡೆಯಲಾರದೆ ಮುಚ್ಚಳ ಎಬ್ಬಿಸಿದೆ. ಒಂದು ಕ್ಷಣ ಕಡ್ಡಿಗಳು ಕಪ್ಪಗೆ, ಸಾಲಾಗಿ, ಎಷ್ಟು ಚೆನ್ನಾಗಿದ್ದವು ಅಂತೀರಿ. ಮರುಕ್ಷಣ ಗಾಳಿ ಸೋಕಿತು. ತುದಿಯಿಂದ ಕೆಂಪು ಹತ್ತಿಕೊಂಡು ನನ್ನ ಕಣ್ಣೆದುರೇ ಎಲ್ಲ ಬೂದಿ. ಹೆಂಡತಿ ಅದರಲ್ಲಿ ಹಿತ್ತಾಳೆ ಚೊಂಬು ಬೆಳಗಿದಳು.

ಎರಡನೇ ಸಲ ಡಬ್ಬಿ ಪೂರ್ತಿ ತಣ್ಣಗಾಗಲಿ ಅಂತ ಬೆಳಗಿನವರೆಗೆ ಕಾದೆ. ತೆಗೆದು ನೆಲಕ್ಕೆ ಹಾಕಿದರೆ ಗಾಜಿನ ಬಳೆಯ ಹಾಗೆ ಟಿಣ್ ಅಂದಿತು. ಸರಿಯಾಗಿ ಸುಟ್ಟ ಇದ್ದಿಲಿನ ಸದ್ದು ಅದು.

ಇದ್ದಿಲು ಹಿಡಿದ ದಿನ ನನ್ನ ರಬ್ಬರಿನ ಕಥೆಯೇ ತಲೆಕೆಳಗಾಯಿತು. ಹುಡುಗ ಹಾಳೆಯ ಮೇಲೆ ಇದ್ದಿಲನ್ನು ಅಡ್ಡ ಮಲಗಿಸಿ ತಿಕ್ಕಿ, ಬಟ್ಟೆಯಿಂದ ಸವರಿ, ಇಡೀ ಹಾಳೆಯನ್ನು ಮಸಿ ಮಾಡಿಬಿಟ್ಟ. ಮಂಡಕ್ಕಿ ಭಟ್ಟಿಯ ಗೋಡೆ ಇದ್ದ ಹಾಗಿತ್ತು. ಆಮೇಲೆ ಜೇಬಿನಿಂದ ಬೂದುಬಣ್ಣದ ಒಂದು ಉಂಡೆ ತೆಗೆದ. ನಾದುವ ರಬ್ಬರಂತೆ. ಚಪಾತಿ ಹಿಟ್ಟಿನ ಹಾಗೆ ಹಿಸುಕಿ, ಮೂತಿ ಮಾಡಿ, ಕಪ್ಪು ಹಾಳೆಯ ಮೇಲೆ ಒತ್ತಿ ಎತ್ತಿದ. ಎತ್ತಿದಲ್ಲಿ ಬೆಳಕು. ಒರಳಿನ ಅಂಚಿಗೆ ಬಿಸಿಲು ಬಿದ್ದದ್ದು ಕಂಡಿತು. ಮತ್ತೊಂದು ಕಡೆ ಒತ್ತಿದ. ಗುಂಡುಕಲ್ಲಿನ ನೆತ್ತಿ ಎದ್ದು ಬಂತು. ಅವನು ಏನನ್ನೂ ಬರೆಯಲೇ ಇಲ್ಲ. ಬರೀ ಅಳಿಸಿದ. ಅಳಿಸಿದ್ದೇ ಚಿತ್ರ.

ಆವಾಗ ಹೊಳೆಯಿತು ನೋಡಿ. ನಾವು ಚಿತ್ರ ‘ಬರೆಯುವುದು’ ಅಂತಲೂ ಅನ್ನುತ್ತೇವೆ, ‘ಬಿಡಿಸುವುದು’ ಅಂತಲೂ ಅನ್ನುತ್ತೇವೆ. ಎರಡೂ ಒಂದೇ ಅಂದುಕೊಂಡಿದ್ದೆ. ಅಲ್ಲವೇ ಅಲ್ಲ. ಶೇಂಗಾ ಬಿಡಿಸುತ್ತೇವೆ, ಅವರೆಕಾಯಿ ಬಿಡಿಸುತ್ತೇವೆ, ಗಂಟು ಬಿಡಿಸುತ್ತೇವೆ. ಒಳಗೆ ಇದ್ದದ್ದನ್ನು ಹೊರಗೆ ತೆಗೆಯುವುದಕ್ಕೆ ಆ ಮಾತು. ಪೆನ್ನು ಹಿಡಿದವನು ಚಿತ್ರ ಬರೆಯುತ್ತಾನೆ. ಇದ್ದಿಲು ಹಿಡಿದವನು ಬಿಡಿಸುತ್ತಾನೆ. ಈ ಮಾತನ್ನು ಹೆಂಡತಿಗೆ ಹೇಳಿದೆ. ಅವಳು ಸೊಗಡವರೆಯ ರಾಶಿಯನ್ನು ನನ್ನ ಮುಂದೆ ಸುರಿದು, ‘ಹಾಗಾದ್ರೆ ಇದನ್ನೂ ಒಂಚೂರು ಬಿಡಿಸಿ’ ಅಂದಳು.

31ನೇ ಒರಳು, ಇದ್ದಿಲಿನದು, ನನಗೇ ಮೆಚ್ಚುಗೆಯಾಯಿತು. ಕ್ಯಾಲೆಂಡರಿನ ಪಕ್ಕ ಗೋಡೆಗೆ ಸಿಕ್ಕಿಸಿದೆ. ಯುಗಾದಿಗೆ ಮುಂಚೆ ಮನೆ ಧೂಳು ಹೊಡೆಯುವ ದಿನ ಹೆಂಡತಿ ಬಟ್ಟೆ ತಗೊಂಡು ಬಂದವಳು ಗೋಡೆ, ಕ್ಯಾಲೆಂಡರು, ಒರಳು ಮೂರನ್ನೂ ಒಂದೇ ಹದದಲ್ಲಿ ಒರೆಸಿದಳು. ‘ಧೂಳು ಅನ್ಕೊಂಡೆ ಕಣ್ರೀ’ ಅಂದಳು. ಅವಳದ್ದೇನೂ ತಪ್ಪಿಲ್ಲ. ಇದ್ದಿಲಿನ ಚಿತ್ರ ಅಂದರೆ ಹಾಳೆಯ ಮೇಲೆ ಕೂತ ಧೂಳೇ. ಅದು ಉದುರದ ಹಾಗೆ ಮೇಲೊಂದು ಫಿಕ್ಸೆಟಿವ್ ಸಿಂಪಡಿಸಬೇಕು. ಅದು ನಮ್ಮ ಅಂಗಡಿಯಲ್ಲಿ ಸ್ಟಾಕಿರಲಿಲ್ಲ. ಹೇರ್ ಸ್ಪ್ರೇ ಆದರೂ ನಡೆಯುತ್ತೆ, ಕಾಲೇಜಿನಲ್ಲಿ ಎಷ್ಟೋ ಹುಡುಗರು ಅದನ್ನೇ ಹೊಡೆಯುತ್ತಾರೆ ಅಂದ ಹುಡುಗ. ಫ್ಯಾನ್ಸಿ ಸ್ಟೋರಿಗೆ ಹೋಗಿ ಕೇಳಿದೆ. ಕೌಂಟರಿನಲ್ಲಿದ್ದ ಹುಡುಗಿ ಡಬ್ಬಿ ಕೊಡುವ ಮುಂಚೆ ಒಂದು ಸಲ ನನ್ನ ತಲೆ ನೋಡಿದಳು. ಅಲ್ಲಿ ಸ್ಪ್ರೇಗೆ ಕೆಲಸವಿಲ್ಲದೆ ಇಪ್ಪತ್ತು ವರ್ಷ ಆಗಿದೆ. ‘ಒರಳಿಗೆ’ ಅಂದೆ. ಅವಳು ಇನ್ನೇನೂ ಕೇಳಲಿಲ್ಲ.

ಇದ್ದಿಲನ್ನು ಕಲ್ಲಿನ ಮೇಲೇ ಪರೀಕ್ಷೆ ಮಾಡಬೇಕು ಅಂತ ಒಂದು ಭಾನುವಾರ ಚಿತ್ರದುರ್ಗದ ಬಸ್ಸು ಹತ್ತಿದೆ. ಅರವತ್ತು ಕಿಲೋಮೀಟರ್ ಆಸುಪಾಸು. ಊರು ಹತ್ತಿರ ಬಂದಂತೆ ಗುಡ್ಡದ ಮೇಲೆ ಗಾಳಿ ಗಿರಣಿಗಳು, ಅವುಗಳ ಕೆಳಗೆ ಯಾರೋ ಚೀಲದಿಂದ ಸುರಿದು ಹೋದ ಹಾಗೆ ಬಂಡೆಗಳು. ಇಡೀ ಏಳುಸುತ್ತಿನ ಕೋಟೆಯಲ್ಲಿ ನನಗೆ ಬೇಕಾದದ್ದು ಒಂದೇ ಜಾಗ. ಮದ್ದು ಅರೆಯುವ ಬೀಸುವ ಕಲ್ಲುಗಳು. ತಗ್ಗಿನಲ್ಲಿ ನಾಲ್ಕು ದೊಡ್ಡ ಕಲ್ಲುಗಳಿವೆ. ನಮ್ಮ ಹಿತ್ತಲ ಒರಳು ಅವುಗಳ ಮುಂದೆ ಮಕ್ಕಳ ಆಟದ ಸಾಮಾನು. ಕೋಟೆಯ ಫಿರಂಗಿ, ಕೋವಿಗಳಿಗೆ ಮದ್ದು ತಯಾರಾಗುತ್ತಿದ್ದದ್ದು ಇಲ್ಲಿ. ಮದ್ದು ಅಂದರೆ ಏನು? ಪೆಟ್ಲುಪ್ಪು, ಗಂಧಕ, ಮತ್ತೆ ಇದ್ದಿಲು. ನನ್ನ ಜೇಬಿನಲ್ಲಿ ಪೇಪರಿಗೆ ಸುತ್ತಿಟ್ಟುಕೊಂಡಿದ್ದೆನಲ್ಲ, ಅದೇ. ಇನ್ನೂರೈವತ್ತು ವರ್ಷದ ಹಿಂದೆ ಹೀಗೆ ಜೇಬಿನಲ್ಲಿ ಇಟ್ಟುಕೊಂಡು ಸುಳಿದಾಡಿದ್ದರೆ ಮದಕರಿ ನಾಯಕನ ಕಾವಲಿನವರು ಹಿಡಿದು ವಿಚಾರಿಸುತ್ತಿದ್ದರೇನೋ.

ಕಟ್ಟೆಯ ಮೇಲೆ ಕೂತು ಶುರು ಮಾಡಿದೆ. ಬಂದವರೆಲ್ಲ ಬಗ್ಗಿ ನೋಡಿ ಹೋಗುತ್ತಿದ್ದರು. ಒಬ್ಬರು ‘ಸಾರ್, ಓಬವ್ವನ ಕಿಂಡಿ ಎಲ್ಲಿ ಬರುತ್ತೆ?’ ಅಂತ ನನ್ನನ್ನೇ ಗೈಡ್ ಮಾಡಿಕೊಂಡರು. ಹೊಸದಾಗಿ ಕೊಂಡಿದ್ದ ನಾದುವ ರಬ್ಬರನ್ನು ಪಕ್ಕದಲ್ಲಿ ಇಟ್ಟಿದ್ದೆ. ಹಿಂದಿನಿಂದ ಒಂದು ಕೈ ಬಂತು. ತಿರುಗುವಷ್ಟರಲ್ಲಿ ಕೋತಿ ಬಂಡೆಯ ಮೇಲಿತ್ತು. ಹಿಟ್ಟಿನ ಉಂಡೆ ಅಂದುಕೊಂಡಿರಬೇಕು. ಒಂದು ಕಚ್ಚು ಕಚ್ಚಿತು. ಮುಖ ಹುಳ್ಳಗೆ ಮಾಡಿತು. ಉಗುಳಲಿಲ್ಲ, ಎಸೆಯಲೂ ಇಲ್ಲ. ಅಗಿಯುತ್ತ ಅಗಿಯುತ್ತ ಮೇಲುದುರ್ಗದ ಕಡೆಗೆ ಹೋಯಿತು. ಅಲ್ಲಿಗೆ ನಾನು ಮತ್ತೆ ಲೆಡ್ಜರಿಗೆ ಬಂದು ಬಿದ್ದೆ. ಮಿಕ್ಕ ಮೂರು ಗಂಟೆ ಒಂದೂ ಅಳಿಸದೆ ಬರೆದೆ.

ಮನೆಗೆ ಬಂದವನು ಪೆನ್ನು ಹಿಡಿದೆ. ಪೆನ್ನು ನನ್ನದೇ ಊರು, ಅಲ್ಲಿ ನಾನೇ ಯಜಮಾನ ಅನ್ನುವ ಧೈರ್ಯ. ಪೆನ್ನಿನಲ್ಲಿ ಬಣ್ಣ ತುಂಬುವ ಹಾಗಿಲ್ಲ. ಕಪ್ಪು ಬೇಕಾದಲ್ಲಿ ಗೀರಿನ ಪಕ್ಕ ಗೀರು ಹಾಕಬೇಕು. ಇನ್ನೂ ಕಪ್ಪು ಬೇಕಾದರೆ ಅದರ ಮೇಲೆ ಅಡ್ಡ ಗೀರು. ಕಲ್ಲು ದುಂಡಗಿದ್ದರೆ ಗೀರೂ ಅದರ ಮೈಯ ಜೊತೆ ಬಾಗಬೇಕು. ನನ್ನ ಗೀರು ಬಾಗಲೇ ಇಲ್ಲ. ಒಂದೇ ಉದ್ದ, ಒಂದೇ ಅಂತರ, ಎಡದಿಂದ ಬಲಕ್ಕೆ ನೆಟ್ಟಗೆ. ಮುಗಿದ ಮೇಲೆ ನೋಡಿದರೆ ಒರಳಿನ ಹೊಟ್ಟೆಯ ಮೇಲೆ ಜಮಾ ಖರ್ಚಿನ ಕಾಲಂಗಳು. ಮೊತ್ತ ಹಾಕುವುದೊಂದು ಬಾಕಿ. ಅದಕ್ಕೇ ಗೀರು ಬಿಟ್ಟು ಚುಕ್ಕಿ ಇಟ್ಟು ನೋಡಿದೆ. ಒತ್ತಾಗಿ ಇಟ್ಟರೆ ನೆರಳು, ವಿರಳವಾಗಿ ಇಟ್ಟರೆ ಬೆಳಕು. ಇದು ಕಲ್ಲಿಗೆ ಹೇಳಿ ಮಾಡಿಸಿದ್ದು. ಉಳಿಯಿಂದ ಕಟೆದ ಒರಳಿನ ಮೈಯೇ ಚುಕ್ಕಿ ಚುಕ್ಕಿ. ಒಂದು ಒರಳಿಗೆ ಒಂಬತ್ತು ದಿನ ಬೇಕಾಯಿತು. ಹೆಂಡತಿ ಬೆಳಗ್ಗೆ ಹದಿನೈದು ಚುಕ್ಕಿಯ ರಂಗೋಲಿಯನ್ನು ಐದು ನಿಮಿಷದಲ್ಲಿ ಹಾಕಿ ಎದ್ದು ಬರುತ್ತಾಳೆ. ಅವಳಿಗೆ ರಬ್ಬರೂ ಬೇಡ, ತಪ್ಪೂ ಆಗುವುದಿಲ್ಲ. ಈ ವಿಷಯ ಅವಳ ಗಮನಕ್ಕೆ ಬರದ ಹಾಗೆ ನೋಡಿಕೊಂಡಿದ್ದೇನೆ.

ಪೆನ್ನಿನ ಮಸಿಯೂ ಮಸಿ, ಪಾತ್ರೆಯ ತಳದ ಮಸಿಯೂ ಮಸಿ. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರು ಸುಮ್ಮನೆ ಬಂದದ್ದಲ್ಲ. ದೀಪದ ಕಾಡಿಗೆಗೆ ಅಂಟು ಕಲಸಿದರೆ ಹಳೆಯ ಕಾಲದ ಕಪ್ಪು ಇಂಕು. ಅದು ಹಾಳೆಗೆ ಕೂತರೆ ಮತ್ತೆ ಬಿಡುವುದಿಲ್ಲ. ಆದರೆ ನಮ್ಮ ಹಿಂದಿನವರು ಲೆಕ್ಕವನ್ನೆಲ್ಲ ಇಂಕಿನಲ್ಲಿ ಬರೆದವರಲ್ಲ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದು, ಒಣಗಿಸಿ, ಮಡಿಸಿ ಪುಸ್ತಕ ಮಾಡುತ್ತಿದ್ದರು. ಅದಕ್ಕೆ ಕಡ್ಡಿ ಬಳಪದಲ್ಲಿ ಬರೆಯುವುದು. ಅದರ ಹೆಸರು ಕಡತ. ಸ್ಲೇಟಿನ ಹಾಗೆ ಒರೆಸಿ ಮತ್ತೆ ಬರೆಯಬಹುದಿತ್ತು. ಈಗ ಕಡತ ಅಂದರೆ ಸರ್ಕಾರಿ ಆಫೀಸಿನಲ್ಲಿ ಅಲುಗದೆ ಕೂತ ಫೈಲು. ಒರೆಸಿಹೋಗುವ ವಸ್ತುವಿನ ಹೆಸರನ್ನು ಅಳಿಸಲಾಗದ ವಸ್ತುವಿಗೆ ಇಟ್ಟಿದ್ದೇವೆ. ನಾನು ಎರಡು ತಲೆಮಾರು ಮುಂಚೆ ಹುಟ್ಟಿದ್ದರೆ ಗುಮಾಸ್ತನಾಗಿಯೂ ಅಳಿಸುವ ಸುಖ ಸಿಗುತ್ತಿತ್ತು.

ಆಯಿಲ್ ಪೇಸ್ಟಲ್ಲಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಣ್ಣ ಚೆನ್ನಾಗಿದೆ, ಬೆಣ್ಣೆಯ ಹಾಗೆ ಹತ್ತುತ್ತದೆ. ಹಾಳೆಗೆ, ಕೈಗೆ, ಪಂಚೆಗೆ, ಬಾಗಿಲ ಚಿಲಕಕ್ಕೆ. ನನ್ನ ಒರಳು ಅದರಲ್ಲಿ ಲಾಡಿನ ಹಾಗೆ ಬಂತು. ಪೋಸ್ಟರ್ ಕಲರಿನಲ್ಲಿ ಗೋಡೆ ಬರಹದ ಹಾಗೆ ಬಂತು. ಅವೆರಡನ್ನೂ ಪಕ್ಕದ ಮನೆಯ ಹುಡುಗಿಗೆ ಕೊಟ್ಟೆ. ಅವಳು ನನಗಿಂತ ಚೆನ್ನಾಗಿ ಬಳಸುತ್ತಿದ್ದಾಳೆ.

ನನ್ನ ಸೊಕ್ಕನ್ನೆಲ್ಲ ಇಳಿಸಿದ್ದು ವಾಟರ್ ಕಲರ್. ಮಗಳ ಡ್ರಾಯಿಂಗ್ ಪುಸ್ತಕದ ತೆಳು ಹಾಳೆಯ ಮೇಲೆ ನೀರು ಹಾಕಿದ್ದೇ ತಡ, ಬಿಸಿಲಿಗೆ ಇಟ್ಟ ಹಪ್ಪಳದ ಹಾಗೆ ಎದ್ದು ನಿಂತಿತು. ತಗ್ಗಿನಲ್ಲಿ ನೀರು, ದಿಬ್ಬದಲ್ಲಿ ಬರ. ಅದಕ್ಕೆ ಬೇರೆಯೇ ಹಾಳೆ ಬೇಕಂತೆ, 300 ಜಿಎಸ್‌ಎಂ. ಒಂದು ಚದರ ಮೀಟರಿಗೆ 300 ಗ್ರಾಂ ತೂಗಬೇಕು. ನಾವು ಬರೆಯುವ ಹಾಳೆ ಎಪ್ಪತ್ತೆಂಬತ್ತು ಗ್ರಾಂ ಅಷ್ಟೇ. ಆ ದಪ್ಪ ಹಾಳೆಯಲ್ಲೂ ಮೇಲು ತರಗತಿಯದು ಯಾವುದರಿಂದ ಮಾಡಿದ್ದು ಗೊತ್ತಾ? ನೂರಕ್ಕೆ ನೂರು ಹತ್ತಿ. ಮೂವತ್ತನಾಲ್ಕು ವರ್ಷ ಹತ್ತಿಯನ್ನು ಕ್ವಿಂಟಲ್ ಲೆಕ್ಕದಲ್ಲಿ ಬರೆದವನು, ಅದೇ ಹತ್ತಿಯನ್ನು ಒಂದೊಂದು ಹಾಳೆ ಲೆಕ್ಕದಲ್ಲಿ ಕೊಳ್ಳಲು ಅಂಗಡಿ ಮುಂದೆ ನಿಂತೆ. ದೊಡ್ಡ ಹಾಳೆ ಒಂದರ ಬೆಲೆಗೆ ಇಬ್ಬರು ಹೊಟ್ಟೆ ತುಂಬ ಬೆಣ್ಣೆ ದೋಸೆ ತಿನ್ನಬಹುದು. ಬಿಲ್ಲು ನೋಡಿ ಹೆಂಡತಿ, ‘ಒರಳಿಗೆ ತಲೆ ಕೊಟ್ಟ ಮೇಲೆ ಒನಕೆ ಪೆಟ್ಟಿಗೆ ಹೆದರಿದ್ರೆ ಆಗುತ್ತಾ’ ಅಂದಳು. ಗಾದೆ ಮಾತು ಇಷ್ಟು ಅಳತೆಗೆ ಸರಿಯಾಗಿ ಕೂತದ್ದನ್ನು ನಾನು ಇನ್ನೊಂದು ಕಡೆ ನೋಡಿಲ್ಲ.

ವಾಟರ್ ಕಲರಿನಲ್ಲಿ ಬಿಳಿ ಬಣ್ಣ ಹಚ್ಚುವ ಪದ್ಧತಿ ಇಲ್ಲ. ಬಿಳಿ ಅಂದರೆ ಹಾಳೆಯೇ. ಒರಳಿನ ಅಂಚಿಗೆ ಬಿಸಿಲು ಬಿದ್ದಿದೆ ಅನ್ನಿ, ಆ ಜಾಗವನ್ನು ಮುಟ್ಟದೆ ಬಿಡಬೇಕು. ಮೊದಲು ತೆಳು ಬಣ್ಣ, ಆಮೇಲೆ ಗಾಢ ಬಣ್ಣ. ಒಮ್ಮೆ ಕಪ್ಪಾದರೆ ಮತ್ತೆ ಬೆಳಕಿಗೆ ದಾರಿಯಿಲ್ಲ. ಪೆನ್ಸಿಲ್ಲಿನಲ್ಲಿ ತಪ್ಪು ಮಾಡಿ ಆಮೇಲೆ ಅಳಿಸಬಹುದು. ಇದ್ದಿಲಿನಲ್ಲಿ ಅಳಿಸುವುದೇ ಕೆಲಸ. ಪೆನ್ನಿನಲ್ಲಿ ತಪ್ಪು ಉಳಿಯುತ್ತದೆ. ಇಲ್ಲಿ ಮಾತ್ರ, ಆಮೇಲೆ ಏನನ್ನು ಅಳಿಸಬೇಕು ಅನ್ನಿಸುತ್ತದೋ ಅದನ್ನು ಮುಂಚೆಯೇ ಲೆಕ್ಕ ಹಾಕಿ ಬಿಟ್ಟಿರಬೇಕು. ಬರೆಯುವುದಲ್ಲ, ಬಿಡಿಸುವುದೂ ಅಲ್ಲ, ಬಿಡುವುದು. ನನ್ನಿಂದ ಆಗುವುದಿಲ್ಲ. ಬ್ರಶ್ಶು ಕೈಯಲ್ಲಿದ್ದರೆ ಬಿಟ್ಟ ಜಾಗ ಕೈ ಬೀಸಿ ಕರೆಯುತ್ತದೆ. ಹೋಗಿ ಒಂಚೂರು ತಾಗಿಸಿಬಿಡುತ್ತೇನೆ. ಒರಳು ಕೆಸರು. ಹುಡುಗ ಹಿರಿಯೂರು ತಾಲೂಕಿನ ಹರ್ತಿಕೋಟೆಯ ಪಿ.ಆರ್. ತಿಪ್ಪೇಸ್ವಾಮಿ ಅವರ ನಿಸರ್ಗ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಿದ. ನಮ್ಮ ಸೀಮೆಯ ಅದೇ ಮಣ್ಣು, ಅದೇ ಬಿಸಿಲು ನೋಡಿ ಬೆಳೆದವರು. ‘ಎಲ್ಲೆಲ್ಲಿ ಬಿಟ್ಟಿದ್ದಾರೆ ನೋಡಿ ಅಂಕಲ್’ ಅಂದ. ಹಚ್ಚಿದ್ದನ್ನು ನೋಡಿ ಅನ್ನಲಿಲ್ಲ.

62 ಒರಳು ಹೀಗೆ ಮುಗಿದವು.

ಹೋದ ತಿಂಗಳು ಮಗಳು ಬಂದಿದ್ದಳು. ಅಜ್ಜಿ ಮಾಡುತ್ತಿದ್ದ ಕೆಂಪು ಚಟ್ನಿ ತಿನ್ನಬೇಕು ಅಂದಳು. ಸಂತೆಯಲ್ಲಿ ಹಣ್ಣುಮೆಣಸಿನಕಾಯಿ ಬಂದಿತ್ತು. ಮಿಕ್ಸಿಯಲ್ಲಿ ಬೇಡ, ಅಜ್ಜಿ ರುಬ್ಬಿದ ಹಾಗೇ ಆಗಬೇಕು ಅಂತ ಹಟ. ಅಜ್ಜಿಯದೇ ಹಟ ಅದು. ತಾಯಿ ಮಗಳು ಇಬ್ಬರೂ ಹಿತ್ತಲಿಗೆ ಹೋದರು. ನಾನು ಕುರ್ಚಿಯಲ್ಲಿ ಕೂತು 63ನೆಯದಕ್ಕೆ ಹಾಳೆ ಸಿಕ್ಕಿಸುತ್ತಿದ್ದೆ. ‘ಸ್ವಲ್ಪ ಸರೀರಿ’ ಅಂತ ಹೆಂಡತಿ ಒರಳಿಗೆ ನೀರು ಹುಯ್ದು, ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ತೊಳೆದಳು.

ನೀರು ಬಿದ್ದ ಕಲ್ಲನ್ನು ನಾನು ನೋಡಿರಲೇ ಇಲ್ಲ. ಒಂದೂವರೆ ವರ್ಷ ಬೂದು ಬಣ್ಣ ಅಂದುಕೊಂಡು ಬರೆದ ಕಲ್ಲು ಎಮ್ಮೆಯ ಬೆನ್ನಿನ ಹಾಗೆ ಕಪ್ಪಾಯಿತು. ಅದರೊಳಗೆ ಸಣ್ಣ ಸಣ್ಣ ಗುಲಾಬಿ ಕಣ, ಬಿಳಿ ಕಣ, ಮಿಣಿ ಮಿಣಿ ಹೊಳೆಯುವ ಇನ್ನೇನೋ. ಅವ್ವನ ಕೈ ತಾಗಿ ತಾಗಿ ಗುಂಡುಕಲ್ಲಿನ ಒಂದು ಪಕ್ಕ ಮಾತ್ರ ನುಣುಪಾಗಿತ್ತು. ಅಲ್ಲಿ ನೀರು ನಿಲ್ಲದೆ ಜಾರುತ್ತಿತ್ತು. ಮಗಳು ಮೆಣಸಿನಕಾಯಿ, ಉಪ್ಪು, ಹುಣಸೆಹಣ್ಣು, ಬೆಳ್ಳುಳ್ಳಿ ಹಾಕಿದಳು. ಗುಂಡು ತಿರುಗಿತು. ಕಪ್ಪು ಗುಳಿಯಲ್ಲಿ ಕೆಂಪು ಏರುತ್ತ ಇಳಿಯುತ್ತ ಅಂಚಿಗೆ ಹತ್ತಿಕೊಂಡಿತು. ಬೇವಿನ ಮರದ ಸಂದಿಯಿಂದ ಬಂದ ಬಿಸಿಲು ಸರಿಯಾಗಿ ಅದರ ಮೇಲೆ.

ಬಣ್ಣದ ಡಬ್ಬಿ ತರಲು ಒಳಗೆ ಓಡಿದೆ. ಅರವತ್ತು ದಾಟಿದವನ ಓಟ, ಸ್ವಲ್ಪ ಹೊತ್ತು ಹಿಡಿಯಿತು. ಡಬ್ಬಿ ಸಿಕ್ಕಿತು, ಬ್ರಶ್ಶು ಸಿಗಲಿಲ್ಲ. ಬ್ರಶ್ಶು ಸಿಕ್ಕಿತು, ನೀರಿಗೆ ಲೋಟ ಬೇಕಾಯಿತು. ಬಂದು ಕೂತು, ಹಾಳೆ ಒದ್ದೆ ಮಾಡಿ, ಎಲ್ಲಿ ಬಿಡಬೇಕು ಅಂತ ಕಣ್ಣಲ್ಲೇ ಗುರುತು ಹಾಕಿಕೊಂಡು ತಲೆಯೆತ್ತಿದೆ. ಮಗಳು ಬೆರಳಿನಿಂದ ಗುಳಿಯ ತಳವನ್ನೆಲ್ಲ ಬಳಿದು ರೊಟ್ಟಿಗೆ ಹಚ್ಚಿಕೊಂಡಿದ್ದಳು. ಹೆಂಡತಿ ಎರಡು ಚೊಂಬು ನೀರು ಸುರಿದು ಕೈ ಒರೆಸಿಕೊಂಡು, ‘ನಿಮ್ಮ ಒರಳು ತಗೊಳ್ಳಿ’ ಅಂದಳು.

ನಾನು ಮೊದಲು ರೊಟ್ಟಿ ತಗೊಂಡೆ.